ಬೆಂಚಿನ ಎದುರಿನ ನೀರು

ಜನವರಿ 14

ಘನತೆವೆತ್ತ ಅಮ್ಮನವರ ಸನ್ನಿಧಾನಕ್ಕೆ,

ಫೋನಿನಲ್ಲಿ ನಾನು ಸರಾಗವಾಗಿ ಸುಳ್ಳು ಹೇಳುತ್ತೇನೆ, ಬರೆಯುವಾಗ ಮಾತ್ರ ಅಕ್ಷರ ಸೊಟ್ಟಗಾಗಿ ಸಿಕ್ಕಿಬೀಳುತ್ತೇನೆ ಎಂಬ ಕಾರಣಕ್ಕೆ ತಾವು ಹೊರಡಿಸಿದ ಆಜ್ಞೆಯನ್ನು ತಲೆಯ ಮೇಲೆ ಹೊತ್ತು ಮೊದಲ ವರದಿ ಸಲ್ಲಿಸುತ್ತಿದ್ದೇನೆ. ಅಕ್ಷರಗಳನ್ನು ಟೇಪು ಹಿಡಿದು ಅಳೆದುಕೊಳ್ಳಬಹುದು. ಟೈಲರ್ ಆದವರಿಗೆ ಅದೇನು ದೊಡ್ಡ ಕೆಲಸವಲ್ಲ.

ಮೊದಲು ನನ್ನ ಸ್ಥಿತಿಗತಿ. ಪರೀಕ್ಷೆ ಮುಗಿದಿದೆ. ಫಲಿತಾಂಶ ಬರುವವರೆಗೆ ಭೂಮಿಗೆ ಭಾರವಾಗುವ ಬದಲು ದೊಡ್ಡಮ್ಮನ ಮನೆಗೆ ಭಾರವಾಗಿದ್ದೇನೆ. ಅವರು ನನಗೆ ಊಟ ಹಾಕುತ್ತಾರೆ, ನಾನು ಅವರ ಕಾರು ಓಡಿಸುತ್ತೇನೆ. ಕಾರಿನ ಎಡಗಡೆಯ ಕಿಟಕಿ ಇಳಿಯುವುದಿಲ್ಲ, ಬಲಗಡೆಯದು ಏರುವುದಿಲ್ಲ. ಉಳಿದಂತೆ ರಾಜವಾಹನ.

ದೊಡ್ಡಮ್ಮ ಕಳೆದ ತಿಂಗಳು ನಿವೃತ್ತರಾದದ್ದು ತಮಗೆ ಗೊತ್ತು. ಅವರು ಹೇಳಿಲ್ಲ, ನೀವು ಕೇಳಿಲ್ಲ, ಆದರೂ ಗೊತ್ತು. ಅಕ್ಕತಂಗಿಯರ ನಡುವೆ ಮಾತುಕತೆ ಹೀಗೆ ಗೋಡೆಯಾಚೆಯಿಂದ ನಡೆಯುವುದನ್ನು ನೋಡುತ್ತಲೇ ನಾನು ಬೆಳೆದಿದ್ದೇನೆ. ಬೀಳ್ಕೊಡುಗೆಯ ದಿನ ಆಸ್ಪತ್ರೆಯ ಹಿರಿಯ ಡಾಕ್ಟರು ಎದ್ದು ನಿಂತು, "ಇಷ್ಟು ವರ್ಷ ಎಕ್ಸ್‌ರೇ ಕೋಣೆಯಲ್ಲಿ ದುಡಿದಿದ್ದೀರಿ ಮೇಡಂ. ಏನು ಕೊಡೋಣ? ಗೋಡೆ ಗಡಿಯಾರ ಆಗಬಹುದಾ?" ಎಂದರಂತೆ.

ದೊಡ್ಡಮ್ಮ, "ಗಡಿಯಾರ ಬೇಡ ಸರ್, ಗೋಡೆ ಕೊಡಿ," ಎಂದರಂತೆ.

ಎಲ್ಲರೂ ನಕ್ಕರು. ದೊಡ್ಡಮ್ಮ ನಗಲಿಲ್ಲ. ಎಕ್ಸ್‌ರೇ ಕೋಣೆಯ ಹೊರಗೆ ಕಾರಿಡಾರಿನಲ್ಲಿ ಒಂದು ಬೆಂಚಿದೆ. ಒಳಗೆ ಹೋದವರ ಮನೆಯವರು ಅದರ ಮೇಲೆ ಕೂತು ಎದುರಿನ ಖಾಲಿ ಗೋಡೆ ನೋಡುತ್ತಾರೆ. ಬಾಗಿಲಿನ ಗಾಜಿನ ಕಿಂಡಿಯಿಂದ ದೊಡ್ಡಮ್ಮ ಅವರನ್ನು ನೋಡುತ್ತ ಬಂದಿದ್ದಾರೆ. ಆ ಗೋಡೆಗೆ ತಾವೇ ತೆಗೆದ ಒಂದು ನೀರಿನ ಫೋಟೋ ಹಾಕಬೇಕು. ಕೆರೆಯೋ ನದಿಯೋ, ಒಟ್ಟಿನಲ್ಲಿ ನೀರು. ಇದೊಂದೇ ಅವರ ಬೇಡಿಕೆ.

ಡಾಕ್ಟರು ಒಪ್ಪಿದ್ದಾರೆ, ಆದರೆ ಷರತ್ತಿನ ಮೇಲೆ. ಆಸ್ಪತ್ರೆಗೆ ಈಗ ಬಣ್ಣ ಬಳಿಯುತ್ತಿದ್ದಾರೆ. ಜೂನಿನಲ್ಲಿ ಆ ಕೆಲಸ ಮುಗಿಯುವಷ್ಟರಲ್ಲಿ ಫೋಟೋ ಬರಬೇಕು, ಬಂದದ್ದು ಡಾಕ್ಟರಿಗೆ ಹಿಡಿಸಬೇಕು. ಇಲ್ಲದಿದ್ದರೆ ಔಷಧಿ ಕಂಪನಿಯವರು ಪುಕ್ಕಟೆ ಕಳಿಸಿರುವ ಭಾರೀ ಚಿತ್ರವೊಂದು ಅಲ್ಲಿ ಏರುತ್ತದೆ. ಅದರಲ್ಲಿ ಹಲ್ಲಿಲ್ಲದ ಮಗುವೊಂದು ಹೂವು ಹಿಡಿದು ನಗುತ್ತಿದೆ. ಸ್ಟೋರ್ ಕೀಪರ್ ಅದಕ್ಕೆ ಮೊಳೆಗಳನ್ನೂ ಆರಿಸಿಟ್ಟಿದ್ದಾನೆ.

ಹೀಗಾಗಿ ಕ್ಯಾಮೆರಾ ಬಂದಿದೆ, ಟ್ರೈಪಾಡ್ ಬಂದಿದೆ, ಟ್ರೈಪಾಡ್ ಹೊರುವ ಪ್ರಾಣಿಯಾಗಿ ನಾನು ನೇಮಕವಾಗಿದ್ದೇನೆ. ನಾಡಿದ್ದು ಮೊದಲ ದಂಡಯಾತ್ರೆ. ಆಶೀರ್ವದಿಸಿ.

ಇಂತು,
ತಮ್ಮ ಆಜ್ಞಾಧಾರಕ, ಸಾರಥಿ ಹಾಗೂ ಭಾರವಾಹಕ,
ತರಲೆ


ಜನವರಿ 27

ತರಲೆ,

ನಿನ್ನ ಕಾಗದ ಸಿಕ್ಕಿತು. ಅಕ್ಷರ ನೆಟ್ಟಗಿದೆ, ಸದ್ಯ.

ನಿನ್ನ ದೊಡ್ಡಮ್ಮನ ಬಗ್ಗೆ ನಾನು ಏನೂ ಕೇಳುತ್ತಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಾಳೋ ಇಲ್ಲವೋ ಅಷ್ಟು ತಿಳಿಸು. ಕಲ್ಲಿನ ಮೇಲೆ ಹತ್ತಿಸಬೇಡ. ಹತ್ತುತ್ತೇನೆ ಎನ್ನುತ್ತಾಳೆ, ಆಗ ಕಾರಿನ ಕೀಲಿ ಕಳೆದಿದೆ ಎಂದು ಹೇಳು. ಇಂಥದ್ದರಲ್ಲಿ ನೀನು ಚುರುಕು.

ಆ ಗೋಡೆಯ ವಿಷಯ ಓದಿದೆ. ಆ ಬೆಂಚು ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮ್ ರಾಶಿ ಬಿದ್ದಿದೆ. ಹೆಚ್ಚು ಬರೆಯಲಾರೆ.

ನಿನ್ನ,
ಅಮ್ಮ


ಫೆಬ್ರವರಿ 19

ಘನತೆವೆತ್ತ ಅಮ್ಮನವರಿಗೆ,

ಮಂಡಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಕಲ್ಲಿನ ಮೇಲೆ ಹತ್ತಿಸಿಲ್ಲ, ಅವರೇ ಹತ್ತಿದರು. ಕೀಲಿ ಕಳೆದಿದೆ ಎಂದೆ. "ಒಳ್ಳೇದಾಯ್ತು, ಬೇಗ ಇಳಿಯೋ ಅವಸರ ಇಲ್ಲ" ಎಂದು ಇನ್ನೊಂದು ಬಂಡೆ ಹತ್ತಿದರು.

ಇಲ್ಲಿಯವರೆಗೆ ಪರೀಕ್ಷೆಗೆ ಒಳಗಾದ ಜಲರಾಶಿಗಳಿಗೆ ನಾನು ಆಸ್ಪತ್ರೆಯ ಕ್ರಮದಂತೆ ನಂಬರು ಕೊಟ್ಟಿದ್ದೇನೆ. ದೊಡ್ಡಮ್ಮ ಪ್ರತಿಯೊಂದನ್ನೂ ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುತ್ತಾರೆ. ಕೆರೆಗೆ ಪಕ್ಕ ಯಾವುದು ಎಂದು ಕೇಳಿದ್ದಕ್ಕೆ, "ನಿನಗೆ ಹೊಟ್ಟೆ ಯಾವ ಕಡೆ ಅಂತ ಗೊತ್ತಿದೆಯಲ್ಲ, ಹಾಗೇ" ಎಂಬ ಉತ್ತರ ಬಂತು.

ಎರಡನೇ ನಂಬರಿನ ಕೆರೆಯಲ್ಲಿ ಇತಿಹಾಸ ನಡೆಯಿತು. ಅದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಗುಡ್ಡ ಹತ್ತಿ ಹೋಗಬೇಕಾದ ಕೆರೆ. ನಾವು ತಲುಪಿದ್ದೇ ತಡ, ಪ್ರವಾಸದ ಬಸ್ಸೊಂದರ ಜನರೆಲ್ಲ ಏದುಸಿರು ಬಿಡುತ್ತ ಹಿಂದೆಯೇ ಬಂದರು. ದೊಡ್ಡಮ್ಮ ಟ್ರೈಪಾಡ್ ನಿಲ್ಲಿಸಿ, ಕಣ್ಣು ಕ್ಯಾಮೆರಾಕ್ಕೆ ಇಟ್ಟು, ಇಷ್ಟು ವರ್ಷದ ಅಭ್ಯಾಸದಂತೆ ಗಟ್ಟಿಯಾಗಿ ಹೇಳಿದರು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ."

ಟೋಪಿ ಹಾಕಿದ ಯಜಮಾನರೊಬ್ಬರು ನನ್ನ ತೋಳು ಹಿಡಿದರು. "ಏನಪ್ಪಾ ನಡೀತಿದೆ ಇಲ್ಲಿ?"

"ಕೆರೆಗೆ ಎಕ್ಸ್‌ರೇ ಸರ್," ಎಂದೆ, ಸಾವಿನ ಮನೆಗೆ ಹೋದವನ ಧ್ವನಿಯಲ್ಲಿ.

"ಅಯ್ಯೋ, ಏನಾಗಿದೆ?"

"ಏರಿ ಹತ್ರ ಸಣ್ಣ ಬಿರುಕಿನ ಅನುಮಾನ. ಮೇಡಂ ದೊಡ್ಡಾಸ್ಪತ್ರೆಯವರು. ಎಲ್ರೂ ಸ್ವಲ್ಪ ಉಸಿರು ಹಿಡಿದ್ರೆ ಅನುಕೂಲ ಆಗುತ್ತೆ. ಇಷ್ಟು ಜನ ಒಟ್ಟಿಗೆ ಬಿಟ್ರೆ ಅಲೆ ಏಳುತ್ತೆ."

ಅಮ್ಮ, ಇಡೀ ಬಸ್ಸು ಉಸಿರು ಹಿಡಿಯಿತು. ದೊಡ್ಡಮ್ಮ ಕ್ಲಿಕ್ಕಿಸಿದರು, ಆಮೇಲೆ ಕ್ಯಾಮೆರಾದ ಹಿಂದಿನ ಪರದೆ ನೋಡುತ್ತ ನಿಂತುಬಿಟ್ಟರು. ‘ಬಿಡಿ’ ಎನ್ನುವುದು ಮರೆತೇಹೋಯಿತು. ಕೊನೆಗೆ ದಪ್ಪನೆಯ ಹೆಂಗಸೊಬ್ಬರು ಕೆಂಪಗಾಗಿ, ಕೈಯೆತ್ತಿ, "ಮೇಡಂ, ಬಿಡಬಹುದಾ?" ಎಂದರು. ದೊಡ್ಡಮ್ಮ ತಿರುಗಿ ಆ ಮುಖಗಳನ್ನು ನೋಡಿ ಗಾಬರಿಯಾಗಿ, "ಬಿಡಿ, ಬಿಡಿ, ಎಲ್ರೂ ಬಿಡಿ" ಎಂದು ನನ್ನ ಕಿವಿ ಹುಡುಕಿದರು. ಸಿಕ್ಕಿತು.

ಅಷ್ಟರಲ್ಲಿ ಟೋಪಿ ಯಜಮಾನರು ಪ್ಯಾಂಟು ಮಡಿಸಿ ಮಂಡಿ ಮುಂದಿಟ್ಟಿದ್ದರು. ಅವರ ಹಿಂದೆ ಇನ್ನೂ ಕೆಲವು ಮಂಡಿಗಳು. ದೊಡ್ಡಮ್ಮ ಒಬ್ಬೊಬ್ಬರದನ್ನೂ ಒತ್ತಿ ನೋಡಿ ಒಂದೇ ಮಾತು ಹೇಳಿದರು: "ನಾನು ಹೇಳೋ ಹಾಗಿಲ್ಲ. ಡಾಕ್ಟರು ಹೇಳ್ತಾರೆ."

ಫೋಟೋಗಳ ವಿಷಯಕ್ಕೆ ಬರುತ್ತೇನೆ. ಒಂದಕ್ಕಿಂತ ಒಂದು ಚೆನ್ನಾಗಿವೆ, ಒಂದೂ ಪಾಸಾಗಿಲ್ಲ. ಮೂರನೇ ನಂಬರಿನ ಕೆರೆಯಲ್ಲಿ ಸೂರ್ಯ ಮುಳುಗುತ್ತಿದ್ದ. ನೀರೆಲ್ಲ ಕಿತ್ತಳೆ ಬಣ್ಣ. ಇದೇ ಇದೇ ಎಂದು ನಾನು ಕುಣಿದೆ. ದೊಡ್ಡಮ್ಮ ನನ್ನ ಮುಖ ನೋಡಿ, "ಲೋ, ಆ ಬೆಂಚಿನ ಎದುರು ಮುಳುಗೋ ಸೂರ್ಯನ್ನ ಹಾಕ್ತೀಯಾ?" ಎಂದರು. ನಾನು ಕುಣಿಯುವುದನ್ನು ನಿಲ್ಲಿಸಿದೆ.

ಇಂತು,
ಕಿವಿ ಕೆಂಪಾಗಿರುವ,
ತರಲೆ


ಮಾರ್ಚ್ 3

ತರಲೆ,

ನಿನ್ನ ಕಾಗದವನ್ನು ಅಂಗಡಿಯ ಹುಡುಗಿಯರಿಗೆ ಓದಿ ಹೇಳಿದೆ. ಕಾಜಾ ಹೊಲಿಯುವವಳು ನಕ್ಕು ನಕ್ಕು ಸೂಜಿ ಬೀಳಿಸಿಕೊಂಡಳು. ನನಗೂ ನಗು ಬಂತು. ಬಸ್ಸಿನವರಿಗೆ ಏನಾದರೂ ಆಗಿದ್ದರೆ ಯಾರು ಹೊಣೆ? ಇನ್ನು ಮುಂದೆ ಹಾಗೆಲ್ಲ ಮಾಡಬೇಡ.

ಈ ಪಾರ್ಸಲಿನಲ್ಲಿ ಒಂದು ಜಾಕೆಟ್ಟು ಇದೆ. ಮಿಕ್ಕ ಬಟ್ಟೆಯಲ್ಲಿ ಹೊಲಿದದ್ದು, ವಿಶೇಷವೇನಿಲ್ಲ. ಕ್ಯಾಮೆರಾದ ಸಾಮಾನು ಇಡಲು ಜೇಬುಗಳನ್ನು ಕೊಟ್ಟಿದ್ದೇನೆ. ಒಳಗಿನ ಎಡ ಜೇಬು ಕನ್ನಡಕಕ್ಕೆ. ಯಾರಿಗೆ ಆಗುತ್ತದೋ ಅವರು ಹಾಕಿಕೊಳ್ಳಲಿ.

‘ಡಾಕ್ಟರು ಹೇಳ್ತಾರೆ’ ಎಂದಳೆಂದು ಬರೆದಿದ್ದೀಯ. ಆ ಮಾತನ್ನು ನಾನೂ ಕೇಳಿದ್ದೇನೆ.

ನಿನ್ನ,
ಅಮ್ಮ


ಮಾರ್ಚ್ 22

ಘನತೆವೆತ್ತ ಅಮ್ಮನವರಿಗೆ,

ಮೊದಲು ಜಾಕೆಟ್ಟಿನ ತನಿಖಾ ವರದಿ. ನಾನು ತೊಟ್ಟು ನೋಡಿದೆ: ತೋಳು ಮೊಣಕೈಗೆ ನಿಂತಿತು, ಗುಂಡಿ ಬೇರೆ ಊರಿನಲ್ಲಿ, ಕಾಜಾ ಬೇರೆ ಊರಿನಲ್ಲಿ. ಪಕ್ಕದ ಮನೆಯವರು ತೊಟ್ಟು ನೋಡಿದರು: ಗೋಣಿಚೀಲದೊಳಗೆ ಕೋಲು ಇಟ್ಟ ಹಾಗಾಯಿತು. ಕೊನೆಗೆ ದೊಡ್ಡಮ್ಮ ತೊಟ್ಟರು. ಅಳತೆ ಕೊಟ್ಟು ಹೊಲಿಸಿದರೂ ಹಾಗೆ ಕೂರುವುದಿಲ್ಲ. ಬಲಭುಜ ಎಡಕ್ಕಿಂತ ಸ್ವಲ್ಪ ಇಳಿದಿದೆಯಲ್ಲ, ಭಾರದ ಎಕ್ಸ್‌ರೇ ಪೆಟ್ಟಿಗೆಗಳನ್ನು ಎತ್ತಿ ಎತ್ತಿ, ಅದಕ್ಕೂ ಲೆಕ್ಕ ಹಾಕಿ ಹೊಲಿದಿದ್ದೀರಿ. ಇಷ್ಟು ವರ್ಷ ನೋಡದ ಭುಜ. ದೊಡ್ಡಮ್ಮ ಕನ್ನಡಿಯ ಮುಂದೆ ಅತ್ತ ತಿರುಗಿ ಇತ್ತ ತಿರುಗಿ, "ಮಿಕ್ಕ ಬಟ್ಟೆ ಅಂತೆ," ಎಂದರು. ಆಮೇಲೆ ಬೀದಿಯ ಎಲ್ಲ ಅಂಗಡಿಗಳಿಗೂ ಅದನ್ನೇ ಹಾಕಿಕೊಂಡು ಹೋದರು. ಹಾಲಿನವನು, "ಎಲ್ಲಿ ತಗೊಂಡ್ರಿ?" ಎಂದದ್ದಕ್ಕೆ, "ಇದು ಅಂಗಡೀಲಿ ಸಿಗೋ ಮಾಲಲ್ಲ. ನನ್ನ ತಂಗಿ ಹೊಲಿದಿದ್ದು" ಎಂದು ಬೀದಿಯ ಆಚೆ ಬದಿಗೂ ಕೇಳುವ ಹಾಗೆ ಹೇಳಿದರು. ಸಾಕ್ಷಿ: ನಾನು.

ಇನ್ನು ನೀರು. ನಾಲ್ಕನೇ ನಂಬರು ಜಲಪಾತ, ಫೇಲು. "ಕೂತಿರೋರ ಎದೆ ಮೊದ್ಲೇ ಧಸಕ್ ಅಂತಿರುತ್ತೆ, ಎದುರಿಗೆ ಇದೂ ಬೀಳ್ತಾ ಇರಬೇಕಾ?" ಐದನೆಯದು ಎಷ್ಟು ದೊಡ್ಡ ಸರೋವರವೆಂದರೆ ಆಚೆ ದಡವೇ ಇಲ್ಲ. ಅದೂ ಫೇಲು. "ಆಚೆ ದಡ ಕಾಣ್ಬೇಕು ಕಣೋ. ದೂರ ಇದ್ರೂ ಪರವಾಗಿಲ್ಲ, ಇದೆ ಅಂತ ಗೊತ್ತಾಗ್ಬೇಕು." ಆರನೆಯದು ನದಿ. ಎರಡೂ ದಡ ಇತ್ತು, ಮರದ ನೆರಳಿತ್ತು, ಎಲ್ಲ ಇತ್ತು. ಪರದೆಯಲ್ಲಿ ನೋಡಿ ನಾನೇ ಹೇಳಿದೆ, "ದೊಡ್ಡಮ್ಮ, ಇದು ಗಾಜಿನ ನದಿ ಥರ ಇದೆ. ಪ್ರತಿ ಹನಿ ಎಣಿಸಬಹುದು, ಆದ್ರೆ ಒಂದೂ ಹೋಗ್ತಿಲ್ಲ." ಅವರಿಗೆ ಸಿಟ್ಟು ಬಂತು. "ಅಲ್ಲಾಡಿದ್ರೆ ಫಿಲ್ಮು ಹಾಳು. ಜೀವನ ಪೂರ್ತಿ ಅಲ್ಲಾಡದ ಫಿಲ್ಮು ಕೊಟ್ಟಿದ್ದೀನಿ ನಾನು." ಹೆಮ್ಮೆಯಿಂದಲೇ ಹೇಳಿದರು. ಆಮೇಲೆ ದಾರಿಯುದ್ದಕ್ಕೂ ಆ ಗಾಜಿನ ನದಿಯನ್ನು ತೆಗೆದು ತೆಗೆದು ನೋಡಿದರು.

ಹಿಂತಿರುಗುವಾಗ ಕೇಳಿದೆ. ಅಮ್ಮ, ಇಲ್ಲಿಂದ ಮುಂದೆ ತಮಾಷೆ ಇಲ್ಲ. ‘ಡಾಕ್ಟರು ಹೇಳ್ತಾರೆ’ ಎಂಬ ಮಾತನ್ನು ನೀನು ಎಲ್ಲಿ ಕೇಳಿದ್ದೆ ಎಂದು ದೊಡ್ಡಮ್ಮನನ್ನು ಕೇಳಿದೆ. ಕೈಯಲ್ಲಿದ್ದ ಕ್ಯಾಮೆರಾ ಆಫ್ ಮಾಡಿದರು. ಆಮೇಲೆ ಹೇಳಿದರು. ಅಪ್ಪನ ಎದೆಯ ಫೋಟೋ ತೆಗೆದದ್ದು ಅವರೇ ಎಂದು. ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗಲೇ ಅಪ್ಪ ಉಳಿಯುವುದಿಲ್ಲವೆಂದು ಗೊತ್ತಾಯಿತು ಎಂದು. ಬೆಂಚಿನ ಮೇಲೆ ನೀನಿದ್ದೆ, ನಿನ್ನ ತೊಡೆಯ ಮೇಲೆ ನಾನಿದ್ದೆ ಎಂದು. ಕಂಡದ್ದನ್ನು ಯಾರಿಗೂ ಹೇಳಬಾರದೆಂಬುದು ಅವರ ಕೆಲಸದ ನಿಯಮ. ಹೊರಗೆ ಬಂದು ಆ ಮಾತು ಹೇಳಿ ಒಳಗೆ ಹೋದರಂತೆ.

ನಿಮ್ಮಿಬ್ಬರ ಮೌನಕ್ಕೆ ನನ್ನಷ್ಟೇ ವಯಸ್ಸು ಎಂದು ಗೊತ್ತಿತ್ತು. ಅದು ಹುಟ್ಟುವಾಗ ನಾನು ಅಲ್ಲೇ ನಿದ್ದೆ ಮಾಡುತ್ತಿದ್ದೆ ಎಂದು ಗೊತ್ತಿರಲಿಲ್ಲ.

ಮನೆ ಹತ್ತಿರ ಬಂದಾಗ ದೊಡ್ಡಮ್ಮ ಹೇಳಿದರು: "ನಿನ್ನಮ್ಮನ್ನ ಒಂದು ಮಾತು ಕೇಳು. ಅವತ್ತು ಅಲ್ಲಿ ಕೂತು ಏನು ನೋಡ್ತಿದ್ದೆ ಅಂತ. ಇಷ್ಟ ಇದ್ರೆ ಮಾತ್ರ ಹೇಳ್ಲಿ."

ಕೇಳಿದ್ದೇನೆ.

ನಿನ್ನ,
ತರಲೆ


ಏಪ್ರಿಲ್ 30

ತರಲೆ,

ಕಾಗದ ತಡವಾಯಿತು. ಹೊಲಿಗೆ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ಸುಳ್ಳು ಬರೆದರೆ ನನ್ನ ಅಕ್ಷರವೂ ಸೊಟ್ಟಗಾಗುತ್ತದೆ.

ಕೇಳಿದ್ದಕ್ಕೆ ಉತ್ತರ. ಮೊದಲು ಗೋಡೆಯನ್ನೇ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಒಂದು ಕಡೆ ಸುಣ್ಣ ಉದುರಿ ಒಳಗಿನ ಹಳೆಯ ಹಸಿರು ಬಣ್ಣ ಕಾಣುತ್ತಿತ್ತು, ಅದನ್ನು ನೋಡಿದೆ. ಅದೂ ಸಾಕಾಯಿತು. ಆಮೇಲೆ ಬಾಗಿಲು ನೋಡಿದೆ. ನಿನ್ನ ಅಪ್ಪನ ಗಡಿಯಾರ, ಬೆಲ್ಟು ನನ್ನ ಕೈಯಲ್ಲಿದ್ದವು, ಒಳಗೆ ಹೋಗುವಾಗ ಬಿಚ್ಚಿಸಿದ್ದರು. ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ಫಿಲ್ಮು ತೊಳೆಯಲು ಇಷ್ಟು ಹೊತ್ತು ಬೇಕೇ ಎಂದುಕೊಂಡೆ.

ಅವಳು ಬಂದಳು. ನಾನು ಅವಳ ಮುಖ ನೋಡಿದೆ. ಚಿಕ್ಕಂದಿನಿಂದ ಓದಿದ ಮುಖ ಅದು. ಕದ್ದು ಸಕ್ಕರೆ ತಿಂದು ಬಂದರೂ ನನಗೆ ಗೊತ್ತಾಗುತ್ತಿತ್ತು. ಅವತ್ತು ಅದರಲ್ಲಿ ಏನೂ ಇರಲಿಲ್ಲ. "ಡಾಕ್ಟರು ಹೇಳ್ತಾರೆ, ಕೂತಿರು," ಎಂದಳು, ಬೇರೆ ಯಾರಿಗೋ ಹೇಳುವ ಹಾಗೆ. ಅವಳು ಸುಳ್ಳು ಹೇಳಲಿಲ್ಲ. ನಿಯಮ ಎಂಬುದೊಂದಿದೆ, ಅದೂ ನನಗೆ ಗೊತ್ತು. ಆದರೆ ನಾನು ಅವಳ ತಂಗಿ.

ಏನು ಕಂಡಿದ್ದರೆ ಚೆನ್ನಾಗಿತ್ತು ಎಂದು ಅವಳು ಕೇಳಿಲ್ಲ. ಆದರೂ ಹೇಳುತ್ತೇನೆ. ಆ ಕಾರಿಡಾರಿನಲ್ಲಿ ಅವತ್ತು ಎಲ್ಲವೂ ನಿಂತುಹೋಗಿತ್ತು. ಏನೋ ಒಂದು ಸಾಗುತ್ತಿರುವುದು ಕಣ್ಣಿಗೆ ಬಿದ್ದಿದ್ದರೆ ಅದರ ಜೊತೆ ಸ್ವಲ್ಪ ದೂರ ಹೋಗಿ ಬರುತ್ತಿದ್ದೆ.

ಇದನ್ನು ಅವಳಿಗೆ ಓದಿ ಹೇಳಬೇಕೋ ಬೇಡವೋ, ನಿನಗೆ ಬಿಟ್ಟದ್ದು.

ನಿನ್ನ,
ಅಮ್ಮ


ಮೇ 18

ಅಮ್ಮ,

ಓದಿ ಹೇಳಿದೆ. ಅಡುಗೆಮನೆಯಲ್ಲಿ ನಿಂತು ಕೇಳಿದರು. ಪೂರ್ತಿ ಕೇಳಿದ ಮೇಲೆ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆದರು. ಕೈ ಒರೆಸಿಕೊಂಡು, "ನಾಳೆ ಗಾಡಿಗೆ ಪೆಟ್ರೋಲ್ ಹಾಕ್ಸು" ಎಂದರು, ಅಷ್ಟೇ.

ಈಗ ಯಥಾಪ್ರಕಾರ ವರದಿ.

ಏಳನೇ ನಂಬರಿನ ನದಿಗೆ ಕಾರಿನ ದಾರಿ ಮುಗಿದ ಮೇಲೂ ಕಾಡಿನೊಳಗೆ ನಡೆಯಬೇಕು. ದೊಡ್ಡಮ್ಮ ಮುಂದೆ, ಟ್ರೈಪಾಡ್ ಹೊತ್ತ ಪ್ರಾಣಿ ಹಿಂದೆ. ಮಂಡಿಯ ಬಗ್ಗೆ ಚಿಂತಿಸಬೇಡ. ದಾರಿಯಲ್ಲಿ ಕೂತದ್ದು ನಾನು, ಏಳಿಸಿದ್ದು ಅವರು. ನದಿ ಮೇಲಿನಿಂದ ಬಂದು, ಬಂಡೆಗಳ ನಡುವೆ ನುಸುಳಿ, ನಮ್ಮ ಎದುರು ಅಗಲವಾಗಿ ಹರಿದು, ಬಲಕ್ಕೆ ತಿರುಗಿ ಹೋಗುತ್ತದೆ. ಆಚೆ ದಡದಲ್ಲಿ ಹುಲ್ಲು, ಅದರ ಹಿಂದೆ ಗುಡ್ಡ. ನೋಡಲು ವಿಶೇಷ ಏನೂ ಇಲ್ಲ. ಬಸ್ಸಿನವರು ಬಂದಿದ್ದರೆ, ಇದಕ್ಕೆ ಇಷ್ಟು ನಡೆಸಿದಿರಾ ಎಂದು ಜಗಳ ತೆಗೆಯುತ್ತಿದ್ದರು.

ದೊಡ್ಡಮ್ಮ ಒಂದು ಬಂಡೆಯ ಮೇಲೆ ಕೂತು ಕಾದರು. ಕ್ಯಾಮೆರಾ ಮುಟ್ಟಲೇ ಇಲ್ಲ. ಏನು ಮಾಡುತ್ತಿದ್ದೀರಿ ಎಂದರೆ, "ಕೂತು ನೋಡ್ತಿದ್ದೀನಿ. ಅಲ್ಲಿ ಎಲ್ರೂ ಕೂತೇ ನೋಡೋದು. ಇಷ್ಟು ದಿನ ನಿಂತ್ಕೊಂಡು ತೆಗೆದಿದ್ದೇ ತಪ್ಪು," ಎಂದರು. ಟ್ರೈಪಾಡಿನ ಕಾಲು ಮಡಿಸಿ ಮಡಿಸಿ ಕೂತವರ ಕಣ್ಣಿನ ಎತ್ತರಕ್ಕೆ ಇಳಿಸಿದರು.

ಆಮೇಲೆ ಮಾಡಿದ್ದನ್ನು ಕೇಳು, ಅಮ್ಮ. ಒಳಗಿನ ಎಡ ಜೇಬಿನಿಂದ, ನೀನು ಕನ್ನಡಕಕ್ಕೆ ಎಂದು ಕೊಟ್ಟ ಜೇಬಿನಿಂದ, ಕಪ್ಪನೆಯ ಒಂದು ಚೂರು ತೆಗೆದರು. ಬೆಳಕು ತಾಗಿ ಹಾಳಾಗಿದ್ದ ಹಳೆಯ ಎಕ್ಸ್‌ರೇ ಫಿಲ್ಮನ್ನು ಲೆನ್ಸಿನ ಅಗಲಕ್ಕೆ ದುಂಡಗೆ ಕತ್ತರಿಸಿ ತಂದಿದ್ದರು. ಅದನ್ನು ಲೆನ್ಸಿನ ಮುಂದೆ ಹಿಡಿದರೆ ಹಗಲು ಸಂಜೆಯ ಹಾಗಾಗುತ್ತದೆ. ಆಗ ಶಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. ತೆರೆದಿಟ್ಟಷ್ಟು ಹೊತ್ತೂ ನೀರು ಚಲಿಸುತ್ತಿರುತ್ತದೆ, ಆ ಚಲನೆಯೆಲ್ಲ ಫೋಟೋದೊಳಗೆ ಬಂದು ಕೂರುತ್ತದೆ.

"ಅಲ್ಲಾಡಿದ್ರೆ ಹಾಳು ಅಂದ್ರಲ್ಲ?" ಎಂದೆ.

"ಬಂಡೆ ಅಲ್ಲಾಡಬಾರ್ದು. ನೀರು ಹೋಗ್ಲಿ ಬಿಡು," ಎಂದರು.

ಅಂದು ಅವರು ಯಾರಿಗೂ ಉಸಿರು ಹಿಡಿಯಲು ಹೇಳಲಿಲ್ಲ.

ಫೋಟೋ ಹೇಗಿದೆ ಎಂದು ಬರೆಯಲು ಪ್ರಯತ್ನಿಸುತ್ತೇನೆ. ಬಣ್ಣ ಕೊಂಚ ನೀಲಿಗೆ ತಿರುಗಿದೆ, ಆ ಫಿಲ್ಮಿನ ದೆಸೆಯಿಂದ. ಬಂಡೆಗಳ ಅಂಚು ಸ್ವಲ್ಪ ಮೃದು. ಆದರೆ ನೀರು ಹೋಗುತ್ತಿದೆ. ಮೇಲಿನ ಮೂಲೆಯಲ್ಲಿ ಕಣ್ಣಿಟ್ಟರೆ ಅದು ಕಣ್ಣನ್ನು ಕರೆದುಕೊಂಡು ಬಂಡೆಗಳನ್ನು ಸುತ್ತಿಸಿ ತಿರುವಿನವರೆಗೆ ಬಿಟ್ಟುಬರುತ್ತದೆ. ಮತ್ತೆ ಮೇಲಿನಿಂದ ಶುರು. ನಾನು ಕಾರಿನಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ದೊಡ್ಡಮ್ಮ ನನ್ನ ಕಣ್ಣುಗಳನ್ನು ನೋಡುತ್ತಿದ್ದರು, ಆ ಕಿಂಡಿಯಿಂದ ನೋಡುತ್ತಿದ್ದ ಹಾಗೇ ಇರಬೇಕು. "ಪಾಸು," ಎಂದರು.

ಇನ್ನೊಂದು ಮಾತು ಇದೆ. ಇದನ್ನು ನಿನಗೆ ಹೇಳು ಎಂದು ಅವರು ಹೇಳಲಿಲ್ಲ, ಹೇಳಬೇಡ ಎಂದೂ ಹೇಳಲಿಲ್ಲ. ಬರುವಾಗ ತಾವಾಗಿಯೇ ಮಾತು ತೆಗೆದರು. "ಫಿಲ್ಮು ತೊಳೆಯೋಕೆ ಅಷ್ಟು ಹೊತ್ತಾ ಅಂತ ಬರೆದಿದ್ದಾಳಲ್ಲ. ಫಿಲ್ಮು ಆಗ್ಲೇ ಆಗಿತ್ತು. ಮುಖ ತೊಳೀತಿದ್ದೆ ಕಣೋ. ಎಷ್ಟು ಸಲ ತೊಳೆದ್ರೂ ಆಗ್ಲಿಲ್ಲ. ಕೊನೆಗೆ ಒರೆಸ್ಕೊಂಡು ಒಂದು ಮುಖ ಮಾಡ್ಕೊಂಡು ಬಂದೆ. ಅದನ್ನೇ ಅವಳು ನೋಡಿದ್ದು."

ನಿನ್ನ,
ತರಲೆ


ಜೂನ್ 11

ಘನತೆವೆತ್ತ ಅಮ್ಮನವರ ಸನ್ನಿಧಾನಕ್ಕೆ,

ನಾನು ಪಾಸಾಗಿದ್ದೇನೆ. ಅದು ಹಾಗಿರಲಿ. ಮುಖ್ಯ ಸುದ್ದಿಗೆ ಬರೋಣ.

ಫೋಟೋವನ್ನು ದೊಡ್ಡದಾಗಿ ಮುದ್ರಿಸಲು ಪ್ರಿಂಟಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಕನಿಕರದಿಂದ ಹೇಳಿದ: "ಮೇಡಂ, ಖಾಲಿ ಖಾಲಿ ಕಾಣ್ತಿದೆ. ಎರಡು ಹಂಸ ಬಿಡ್ಲಾ? ಅದಕ್ಕೆ ಚಾರ್ಜ್ ಇಲ್ಲ."

ದೊಡ್ಡಮ್ಮ ಅಷ್ಟೇ ಕನಿಕರದಿಂದ ಕೇಳಿದರು: "ನಿಮ್ಮ ಎದೆ ಫೋಟೋ ತೆಗೆದು, ಖಾಲಿ ಕಾಣ್ತಿದೆ ಅಂತ ನಾನು ಎರಡು ಹಂಸ ಬಿಟ್ಟಿದ್ರೆ ಒಪ್ತಿದ್ರಾ?"

ಹಂಸಗಳಿಲ್ಲದೆ ಮುದ್ರಣವಾಯಿತು. ಬೆಂಚಿನಷ್ಟೇ ಉದ್ದ.

ಆಸ್ಪತ್ರೆಗೆ ಹೊತ್ತು ತಂದಾಗ ಕಾರಿಡಾರಿನಲ್ಲಿ ಹೊಸ ಬಣ್ಣದ ವಾಸನೆ. ಸ್ಟೋರ್ ಕೀಪರ್ ಆ ನಗುವ ಮಗುವನ್ನು ಗೋಡೆಗೆ ಒರಗಿಸಿ, ಸುತ್ತಿಗೆ ಹಿಡಿದು ಸಿದ್ಧನಾಗಿ ನಿಂತಿದ್ದ. ಹಿರಿಯ ಡಾಕ್ಟರು ಬಂದು ನಮ್ಮ ನದಿಯನ್ನು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಚೆನ್ನಾಗಿದೆ ಮೇಡಂ. ಆದ್ರೆ ಇದ್ರಲ್ಲಿ ಏನೂ ಇಲ್ವಲ್ಲ?" ಎಂದರು. ಸ್ಟೋರ್ ಕೀಪರ್ ಒಂದು ಮೊಳೆಯನ್ನು ಬಾಯಿಗಿಟ್ಟುಕೊಂಡ.

ದೊಡ್ಡಮ್ಮ ವಾದ ಮಾಡಲಿಲ್ಲ. ನೀನು ಹೊಲಿದ ಜಾಕೆಟ್ಟಿನಲ್ಲಿ ನೆಟ್ಟಗೆ ನಿಂತು, "ನಿಂತು ನೋಡಬೇಡಿ ಸರ್. ಅಲ್ಲಿ ಕೂತ್ಕೊಂಡು ನೋಡಿ," ಎಂದರು.

ಡಾಕ್ಟರು ಬೆಂಚಿನ ಮೇಲೆ ಕೂತರು. ಇಷ್ಟು ವರ್ಷ ಆ ಕಾರಿಡಾರಿನಲ್ಲಿ ಓಡಾಡಿದ್ದಾರಂತೆ, ಆ ಬೆಂಚಿನ ಮೇಲೆ ಒಮ್ಮೆಯೂ ಕೂತಿರಲಿಲ್ಲವಂತೆ. ನಾನು ಮತ್ತು ಸ್ಟೋರ್ ಕೀಪರ್ ನದಿಯನ್ನು ಎರಡು ಕಡೆಯಿಂದ ಎತ್ತಿ ಹಿಡಿದು ನಿಂತೆವು. ನನ್ನ ಕೈ ನೋಯತೊಡಗಿತು. ಜವಾನ ಬಂದು, "ಸರ್, ಮೀಟಿಂಗು," ಎಂದ. ಡಾಕ್ಟರು "ಹೂಂ" ಎಂದರು, ಏಳಲಿಲ್ಲ. ಜವಾನ ಇನ್ನೊಮ್ಮೆ ಬಂದ. ಅವರ ಕಣ್ಣು ಬಂಡೆಗಳನ್ನು ಸುತ್ತುತ್ತಿತ್ತು; ನನಗೆ ಗೊತ್ತು ಆ ದಾರಿ. ಕೊನೆಗೆ ಎದ್ದು ಸ್ಟೋರ್ ಕೀಪರಿಗೆ ಹೇಳಿದರು: "ಆ ಮಗೂನ ನನ್ನ ರೂಮಿಗೆ ಹಾಕು."

ಏರಿತು, ಅಮ್ಮ. ಸ್ಟೋರ್ ಕೀಪರ್ ಅದೇ ಮೊಳೆ ಬಡಿದ. ಸರಿಯಾಗಿ ನೇರ ಇದೆಯೇ ಎಂದು ದೊಡ್ಡಮ್ಮ ಎಲ್ಲರಿಗೂ ತಲೆ ಓರೆ ಮಾಡಿಸಿ ನೋಡಿಸಿದರು. ಹೊಸದಾಗಿ ಬಂದಿರುವ ಎಕ್ಸ್‌ರೇ ಹುಡುಗಿ ಬಾಗಿಲಿಗೆ ಬಂದು ಕೈ ಕುಲುಕಿದಳು. ದೊಡ್ಡಮ್ಮ ಅಳಲಿಲ್ಲ. ಕಾರಿನೊಳಗೆ ಬಂದ ಮೇಲೂ ಅಳಲಿಲ್ಲ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಸುಮ್ಮನೆ ಒಂದು ಸುತ್ತು ಹೆಚ್ಚಿಗೆ ಹಾಕಿಸಿ, ಆಸ್ಪತ್ರೆಯ ಮುಂದೆ ಇನ್ನೊಮ್ಮೆ ಹಾದುಹೋಗಲು ಹೇಳಿದರು. ಹೊರಗಿನಿಂದ ಏನೂ ಕಾಣುವುದಿಲ್ಲ ಎಂದೆ. "ಗೊತ್ತು. ಓಡ್ಸು" ಎಂದರು.

ನಿನ್ನನ್ನು ಕರೆಯಲೇ ಎಂದು ಕೇಳಿದೆ. "ಕರೀಬೇಡ. ಕರೆಯೋಕೆ ನನಗೇನು ಹಕ್ಕಿದೆ," ಎಂದರು. ಆದ್ದರಿಂದ ನಾನು ಕರೆಯುತ್ತಿಲ್ಲ. ಆಸ್ಪತ್ರೆಯ ಕಾರಿಡಾರು ಸಾರ್ವಜನಿಕರಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದಿರುತ್ತದೆ ಎಂಬ ಸಾಮಾನ್ಯ ಜ್ಞಾನವನ್ನಷ್ಟೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಇಂತು,
ನದಿಯೊಂದನ್ನು ಕೈನೋವು ಬರುವಷ್ಟು ಹೊತ್ತು ಹಿಡಿದ ಹೆಗ್ಗಳಿಕೆಯ,
ತರಲೆ


ಜುಲೈ 5

ಅಕ್ಕಾ,

ಈ ಕಾಗದ ನಿನಗೇ. ಲಕೋಟೆಯ ಮೇಲೂ ನಿನ್ನ ಹೆಸರೇ ಬರೆದಿದ್ದೇನೆ. ಹುಡುಗ ಒಡೆದರೆ ಎರಡು ಬಾರಿಸು.

ಮಂಗಳವಾರ ಬಂದಿದ್ದೆ. ಮನೆಗೆ ಬರಲಿಲ್ಲ, ನೇರ ಆಸ್ಪತ್ರೆಗೆ ಹೋಗಿ ಬಸ್ಸು ಹಿಡಿದು ವಾಪಸಾದೆ. ಬೈಯಬೇಡ. ಮೊದಲು ಒಬ್ಬಳೇ ನೋಡಬೇಕಿತ್ತು.

ಆ ಬೆಂಚಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಚಿಕ್ಕ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದಳು, ಮಡಿಲಲ್ಲಿ ಗಂಡನ ಗಡಿಯಾರ, ಬೆಲ್ಟು. ಅವಳ ಪಕ್ಕ ಕೂತೆ. ನಿನ್ನ ಫೋಟೋ ನೋಡಬೇಕೆಂದೇ ಅಷ್ಟು ದೂರದಿಂದ ಬಂದಿದ್ದರೂ ಬಹಳ ಹೊತ್ತು ನಾನು ಅವಳನ್ನೇ ನೋಡಿದೆ. ಅವಳು ಬಾಗಿಲು ನೋಡುತ್ತಿರಲಿಲ್ಲ. ಅವಳ ಕಣ್ಣು ನೀರಿನ ಜೊತೆ ಇಳಿಯುತ್ತಿತ್ತು, ತಿರುವಿನವರೆಗೆ ಹೋಗುತ್ತಿತ್ತು, ಮತ್ತೆ ಮೇಲಿನಿಂದ ಬರುತ್ತಿತ್ತು. ಬೆರಳುಗಳು ಬೆಲ್ಟನ್ನು ಸುತ್ತುವುದನ್ನು ಬಿಟ್ಟಿದ್ದವು. ಆಮೇಲೆ ನಾನೂ ನೋಡಿದೆ. ಅವಳ ಜೊತೆಯಲ್ಲೇ ಹೋಗಿ ಬಂದೆ.

ಅವಳು ಕೇಳಿದಳು, "ಇದು ಯಾರು ತೆಗೆದಿದ್ದು ಗೊತ್ತಾ?"

"ನಮ್ಮಕ್ಕ," ಎಂದೆ. ಧ್ವನಿ ನಾನು ಎಣಿಸಿದ್ದಕ್ಕಿಂತ ದೊಡ್ಡದಾಗಿಬಿಟ್ಟಿತು. ಕಾರಿಡಾರಿನ ತುದಿಯಲ್ಲಿದ್ದ ನರ್ಸು ತಿರುಗಿ ನೋಡಿದಳು. ನೋಡಲಿ ಎಂದುಕೊಂಡೆ.

"ಅವರು ಯಾವತ್ತೋ ಇಲ್ಲಿ ಕೂತಿದ್ರು ಅನ್ಸುತ್ತೆ," ಎಂದಳು.

"ಇಲ್ಲಮ್ಮ. ಅವಳು ಆ ಬಾಗಿಲ ಒಳಗಿರ್ತಿದ್ದಳು. ಅಲ್ಲಿರೋದು ಇದಕ್ಕಿಂತ ಕಷ್ಟ," ಎಂದೆ. ಈ ಮಾತನ್ನು ನಾನು ಯೋಚಿಸಿ ಹೇಳಲಿಲ್ಲ. ಹೇಳಿದ ಮೇಲೆ ನಿಜ ಎನ್ನಿಸಿತು.

ಬಾಗಿಲು ತೆರೆದು ಅವಳ ಗಂಡ ಬಂದ. ಅವಳು ಎದ್ದು ಹೋಗುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದಳು: ಇದು ಯಾವ ನದಿ ಎಂದು. ನನಗೆ ಗೊತ್ತಿರಲಿಲ್ಲ. ನಮ್ಮ ಹುಡುಗ ಏಳನೇ ನಂಬರು ಎಂದು ಬರೆಯುತ್ತಾನೆ, ಹೆಸರು ಹೇಳುವುದಿಲ್ಲ. ಅಕ್ಕ ತೆಗೆದ ಫೋಟೋ ಎಂದು ಅಷ್ಟು ಜಂಭದಿಂದ ಹೇಳಿ ಆಮೇಲೆ ತಡವರಿಸಬೇಕಾಯಿತು. "ಕೇಳಿ ಹೇಳ್ತೀನಿ" ಎಂದೆ, ಅವಳು ಎಲ್ಲಿ ಸಿಗುತ್ತಾಳೋ ಏನೋ.

ಅದಕ್ಕೇ ಕೇಳುತ್ತಿದ್ದೇನೆ. ಯಾವ ನದಿ ಅದು? ಹುಡುಗನ ಕೈಯಲ್ಲಿ ಬರೆಸಬೇಡ, ನೀನೇ ಹೇಳು. ಕರೆದುಕೊಂಡು ಹೋಗಿ ತೋರಿಸುವುದಾದರೆ ಭಾನುವಾರ ಅಂಗಡಿಗೆ ರಜೆ.

ನಿನ್ನ,
ತಂಗಿ